ಏಕೀಕರಣದ ಡಂಗುರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಸರಕಾರದ ಸುದ್ದಿ ಬಂದರೆ ಅದನ್ನು ಊರಿಗೆ ಮುಟ್ಟಿಸುವ ಕೆಲಸ ನಮ್ಮ ಕೇರಿಯದಾಗಿತ್ತು. ಕೆಲವು ಊರಲ್ಲಿ ಹೊಲೇರು, ಕೆಲವು ಊರಲ್ಲಿ ಮಾದರು. ಕಂದಾಯ ತುಂಬುವ ದಿನ, ಮೈಲಿ ಚುಚ್ಚುವ ಡಾಕ್ಟರರು ಬರುವ ದಿನ, ಯಾರದೋ ಎತ್ತು ಕಳೆದದ್ದು, ದೇವರ ಪಲ್ಲಕ್ಕಿ ಏಳುವುದು – ಎಲ್ಲದಕ್ಕೂ ಹಲಗಿ ಬೇಕು, ಹಲಗಿ ಬಡಿದು ಒದರಲಿಕ್ಕೆ ನಾವು ಬೇಕು. ಸಂಪರ್ಕಾಧಿಕಾರಿ, ಪ್ರಚಾರಾಧಿಕಾರಿ ಅಂತ ಈಗ ಇಂಗ್ಲಿಷ್ ಕಲಿತವರು ಪಗಾರ ತಗೊಂಡು ಮಾಡುವ ಕೆಲಸವನ್ನು ನಮ್ಮ ಅಜ್ಜಂದಿರು ಒಂದು ಸೇರು ಜೋಳದ ಆಯಕ್ಕೆ ಮಾಡಿದರು. ಊರ ಮಂದಿಗೆ ನಮ್ಮ ನೆರಳು ಆಗುತ್ತಿರಲಿಲ್ಲ, ಆದರೆ ನಮ್ಮ ದನಿ ಎಲ್ಲರ ಪಡಸಾಲೆಯೊಳಗೂ ಹೋಗುತ್ತಿತ್ತು. ಹಾಗೆ ಜೀವಮಾನವಿಡೀ ಡಂಗುರ ಸಾರಿದ ಹಿರಿಯರೊಬ್ಬರನ್ನು ನಾವು ಕೇಳಿದ್ದೆವು, ಕಾಕಾ, ಏನೇನು ಸುದ್ದಿ ಸಾರಿದ್ರಿ ಅಂತ. ಅವರು ಹೇಳಿದ್ದಿಷ್ಟೆ: ‘ಸುದ್ದಿ ನಮ್ದಲ್ಲೋ ತಮ್ಮಾ, ಬಾಯಿ ಅಷ್ಟ ನಮ್ದು.’

ಈ ಮಾತು ನಮ್ಮ ಕಿವಿಯಲ್ಲಿ ಇರುವಾಗಲೇ ನಾವು ಕರ್ನಾಟಕ ಏಕೀಕರಣದ ಚರಿತ್ರೆ ಓದಲು ಕೂತೆವು. ಶಾಲೆಯ ಪಾಠದಲ್ಲಿ ಅದೊಂದು ಪುಣ್ಯಕಥೆ. ಕುಲಪುರೋಹಿತರು ಕನಸು ಕಂಡರು, ಕವಿಗಳು ಹಾಡಿದರು, ನಾಡು ಒಂದಾಯಿತು. ನಾಡು ಕನಸಿನಿಂದ ಒಂದಾಗುವುದಿಲ್ಲ ಗೆಳೆಯರೆ. ಯಾರೋ ಪತ್ರಿಕೆ ಅಚ್ಚು ಹಾಕಬೇಕು, ಯಾರೋ ರೈಲು ಹತ್ತಿ ಹೋಗಿ ಭಾಷಣ ಮಾಡಬೇಕು, ದೆಹಲಿಯವರ ಮನಸ್ಸು ತಿರುಗಿಸಬೇಕು. ಆ ಕೆಲಸವನ್ನು ಬದುಕಿನ ಕಸುಬನ್ನಾಗಿ ಮಾಡಿಕೊಂಡವರು ಧಾರವಾಡದ ರಂಗನಾಥ ರಾಮಚಂದ್ರ ದಿವಾಕರರು. ಪತ್ರಿಕೆಯಿಂದ ರಾಜಕೀಯಕ್ಕೆ ಬಂದು, ರಾಜಕೀಯದಿಂದ ಇಡೀ ದೇಶದ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಯಾದವರು. ಏಕೀಕರಣದ ಡಂಗುರವನ್ನು ಅವರಷ್ಟು ಉದ್ದಕ್ಕೆ, ಅವರಷ್ಟು ಶಿಸ್ತಿನಿಂದ ಸಾರಿದವರು ಕಡಿಮೆ. ಅವರ ಸುದ್ದಿ ಅವರದೇ ಆಗಿತ್ತು, ಬಾಯಿಯೂ ಅವರದೇ. ನಮಗೂ ಅವರಿಗೂ ಇರುವ ಫರಕು ಅದು. ಅವರನ್ನು ಬೈಯಲಿಕ್ಕೆ ನಾವು ಇದನ್ನು ಬರೆಯುತ್ತಿಲ್ಲ, ಹೊಗಳಲಿಕ್ಕೂ ಅಲ್ಲ. ಅವರು ಸಾರಿದ ಸುದ್ದಿ ನಮ್ಮ ಕೇರಿಗೆ ಹೇಗೆ ಮುಟ್ಟಿತು, ಮುಟ್ಟಿದಾಗ ಅದರೊಳಗೆ ಏನಿತ್ತು ಅನ್ನುವುದಷ್ಟೆ ನಮ್ಮ ಪ್ರಶ್ನೆ.

ದಿವಾಕರರು ಹುಟ್ಟಿದ್ದು 1894ರ ಸೆಪ್ಟೆಂಬರ್ 30ರಂದು. ಎಂ.ಎ., ಎಲ್‌ಎಲ್.ಬಿ. ಮಾಡಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ಅಸಹಕಾರದ ಗಾಳಿಯಲ್ಲಿ ಕೆಲಸ ಬಿಟ್ಟು 1921ರಲ್ಲಿ ಧಾರವಾಡದಿಂದ ‘ಕರ್ಮವೀರ’ ವಾರಪತ್ರಿಕೆ ಹೊರಡಿಸಿದರು. ಬರೆದದ್ದಕ್ಕಾಗಿ ಜೇಲಿಗೆ ಹೋದರು. ಇದನ್ನು ಸಣ್ಣದು ಮಾಡಬಾರದು. ಆಗ ಕೈಕೋಳ ಹಾಕಿಸಿಕೊಳ್ಳುವ ಎದೆ ಎಷ್ಟು ಮಂದಿ ವಕೀಲರಿಗೆ ಇತ್ತು? ಆದರೆ ಅದೇ 1921ರ ಜನಗಣತಿ ತೆಗೆದು ನೋಡಿರಿ. ಇಡೀ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಏಳು ಮಂದಿ. ಆ ಏಳರಲ್ಲಿ ನಮ್ಮ ಕೇರಿಯವರನ್ನು ಹುಡುಕಲು ದೀಪ ಹಚ್ಚಬೇಕು. ಪತ್ರಿಕೆಯ ಮೂಲಕ ಕಟ್ಟುವ ನಾಡು ಮೊದಲಿಗೆ ಪತ್ರಿಕೆ ಓದುವವರ ನಾಡು. ಇದು ದಿವಾಕರರ ತಪ್ಪಲ್ಲ. ಅವರು ಹುಟ್ಟಿದ ಸಮಾಜದ ತಪ್ಪು. ಆದರೂ ಲೆಕ್ಕ ಲೆಕ್ಕವೇ.

‘ಕರ್ಮವೀರ’ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1920ರ ಜನವರಿ 31ರಂದು ಮುಂಬಯಿಯಲ್ಲಿ ಇನ್ನೊಂದು ಪತ್ರಿಕೆ ಹುಟ್ಟಿತ್ತು. ಅದರ ಹೆಸರು ‘ಮೂಕನಾಯಕ’. ಹೊರಡಿಸಿದವರು ಭೀಮರಾವ್ ಅಂಬೇಡಕರ್, ಹಣದ ನೆರವು ಕೊಟ್ಟವರು ನಮ್ಮ ಮಗ್ಗುಲ ಕೊಲ್ಹಾಪುರದ ಶಾಹೂ ಮಹಾರಾಜರು. ರೊಕ್ಕ ಕೊಡುತ್ತೇವೆ ಅಂದರೂ ಅದರ ಜಾಹೀರಾತನ್ನು ಟಿಳಕರ ‘ಕೇಸರಿ’ ಹಾಕಿಕೊಳ್ಳಲಿಲ್ಲ. ಪ್ರಚಾರ ಅನ್ನುವುದು ಯಾರ ಕೈಯಲ್ಲಿತ್ತು ಅಂತ ತಿಳಿಯಲು ಇದಕ್ಕಿಂತ ಬೇರೆ ಪುರಾವೆ ಬೇಡ. ಅದೇ ಮಾರ್ಚ್ 21, 22ಕ್ಕೆ ಕೊಲ್ಹಾಪುರ ಸಂಸ್ಥಾನದ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ಸೇರಿತು. ನಿಮಗೆ ನಾಯಕ ಸಿಕ್ಕಿದ್ದಾನೆ ಅಂತ ಶಾಹೂ ಮಹಾರಾಜರು ಅಂಬೇಡಕರರನ್ನು ತೋರಿಸಿ ಹೇಳಿದ್ದು ಅಲ್ಲಿಯೇ. ಹುಕ್ಕೇರಿ, ಸಂಕೇಶ್ವರದ ಮಂದಿಗೆ ಕೊಲ್ಹಾಪುರ ದೂರದ ಊರಲ್ಲ. ಬೀಗರ ಊರು, ಸಂತೆಯ ಊರು.

ಅಂದರೆ ನಮ್ಮ ಭಾಗದಲ್ಲಿ ಒಂದೇ ಕಾಲಕ್ಕೆ ಎರಡು ಡಂಗುರ ಕೇಳುತ್ತಿದ್ದವು. ಒಂದು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ. ಮೊದಲನೆಯದು ಹೇಳುತ್ತಿತ್ತು: ನೀವು ಹರಿದುಹೋದ ನಾಡಿನವರು, ಒಂದಾಗಿರಿ. ಎರಡನೆಯದು ಹೇಳುತ್ತಿತ್ತು: ನೀವು ಊರ ಹೊರಗಿಟ್ಟ ಮಂದಿ, ಎದ್ದು ನಿಲ್ಲಿರಿ. ಮೊದಲನೆಯದು ಸುಳ್ಳಾಗಿರಲಿಲ್ಲ. ಮುಂಬಯಿ ಪ್ರಾಂತ, ಮದ್ರಾಸು, ನಿಜಾಮರ ಹೈದರಾಬಾದು, ಮೈಸೂರು, ಕೊಡಗು. ನಡುವೆ ಸಾಂಗಲಿ, ಮಿರಜ, ಜಮಖಂಡಿ, ಮುಧೋಳ, ರಾಮದುರ್ಗಗಳಂಥ ಸಂಸ್ಥಾನಗಳು. ಕನ್ನಡಿಗರು ಹತ್ತಾರು ದೊರೆಗಳ ಕೆಳಗೆ ಇದ್ದದ್ದು ನಿಜ. ಮುಂಬಯಿ ಸರಕಾರದ ಶಾಲೆ, ಕಚೇರಿಗಳಲ್ಲಿ ಕನ್ನಡ ಕೈಕಟ್ಟಿ ನಿಂತದ್ದೂ ನಿಜ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಹಟ ಹಿಡಿಯದಿದ್ದರೆ ನಮ್ಮ ಕಡೆ ಕನ್ನಡ ಶಾಲೆಗಳು ಅಷ್ಟು ಬೇಗ ಏಳುತ್ತಿರಲಿಲ್ಲ. ಇವತ್ತು ನಾವು ಈ ಸಿಟ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ ಅಂದರೆ ಆ ಹಟದ ಋಣ ನಮ್ಮ ಮೇಲೂ ಇದೆ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಅದರ ಯಜಮಾನಿಕೆ ಹೊತ್ತಿದ್ದರು. ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು, ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಏಕೀಕರಣದ ಚರಿತ್ರೆ ಬರೆದವರೆಲ್ಲ ಇದನ್ನು ಬರೆದಿದ್ದಾರೆ. ಅವರು ಬರೆಯದೆ ಬಿಟ್ಟದ್ದು ಮುಂದಿನ ನಾಲ್ಕು ತಿಂಗಳ ಮಾತು. 1925ರ ಏಪ್ರಿಲ್‌ನಲ್ಲಿ ಅದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಕೂಡಿತು, ಅಂಬೇಡಕರರು ಅಧ್ಯಕ್ಷರಾಗಿದ್ದರು. ಸಂಕೇಶ್ವರ ದಾಟಿದರೆ ನಿಪ್ಪಾಣಿ. ಬೆಳಗಾವಿಯ ಪೆಂಡಾಲಿಗೂ ನಿಪ್ಪಾಣಿಯ ಪೆಂಡಾಲಿಗೂ ನಡುವೆ ಕೆಲವೇ ದಿನದ ಬಂಡಿ ದಾರಿ. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಲು ಅರ್ಧ ಶತಮಾನ ಹಿಡಿಯಿತು.

ದಿವಾಕರರ ದೊಡ್ಡ ಸಾಧನೆ ಅಂದರೆ ಸಂಸ್ಥೆ ಕಟ್ಟಿದ್ದು. ಭಾಷಣ ಗಾಳಿಗೆ ಹೋಗುತ್ತದೆ, ಅಚ್ಚುಕೂಟ ಉಳಿಯುತ್ತದೆ ಎಂಬ ಗುಟ್ಟು ಅವರಿಗೆ ಗೊತ್ತಿತ್ತು. 1933ರಲ್ಲಿ ಗೆಳೆಯರ ಜೊತೆ ಲೋಕ ಶಿಕ್ಷಣ ಟ್ರಸ್ಟ್ ಕಟ್ಟಿದರು. ಜೊತೆಗಿದ್ದ ಹಿರಿಯರಲ್ಲಿ ಒಬ್ಬರು ರಾಮರಾವ ಹುಕ್ಕೇರಿಕರರು. ನಮ್ಮೂರು ಆ ಚರಿತ್ರೆಯೊಳಗೆ ಹೋದದ್ದು ಒಂದು ಅಡ್ಡಹೆಸರಾಗಿ. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಹೋಗಿ ನೆಲೆ ಊರಿದ ‘ಸಂಯುಕ್ತ ಕರ್ನಾಟಕ’ ಆ ಟ್ರಸ್ಟಿನದು. ಆ ಹೆಸರಿನ ಜಾಣತನ ನೋಡಿರಿ. ಸಂಯುಕ್ತ ಕರ್ನಾಟಕ ಅನ್ನುವ ರಾಜ್ಯ ಎಲ್ಲಿಯೂ ಇರಲಿಲ್ಲ. ಅದು ಬರಲಿಕ್ಕೆ ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲೆ ಇತ್ತು. ಆದರೆ ದಿನಾ ಬೆಳಿಗ್ಗೆ ಓದುವವನ ಕೈಗೆ ಆ ಹೆಸರು ಬರುತ್ತಿತ್ತು. ಇಲ್ಲದ ನಾಡನ್ನು ಇದೆ ಅನ್ನುವಂತೆ ದಿನಾ ಸಾರುವುದು. ಅದಕ್ಕಿಂತ ಒಳ್ಳೆಯ ಪ್ರಚಾರ ಇವತ್ತಿನ ಜಾಹೀರಾತು ಕಂಪನಿಗಳಿಗೂ ಹೊಳೆಯಲಿಕ್ಕಿಲ್ಲ.

ಹಳ್ಳಿಯಲ್ಲಿ ಪತ್ರಿಕೆ ಬರುತ್ತಿದ್ದದ್ದು ಚಾವಡಿಗೆ, ಇಲ್ಲವೆ ಚಹಾದಂಗಡಿಗೆ. ಒಬ್ಬ ದೊಡ್ಡದಾಗಿ ಓದುತ್ತಿದ್ದ, ಹತ್ತು ಮಂದಿ ಕೇಳುತ್ತಿದ್ದರು. ಅಕ್ಷರ ಬಾರದ ಒಕ್ಕಲಿಗನಿಗೂ, ನೇಕಾರನಿಗೂ, ಕುರುಬನಿಗೂ ಏಕೀಕರಣದ ಮಾತು ಹೀಗೆಯೇ ಕಿವಿಗೆ ಬಿತ್ತು. ನಮಗೂ ಬಿತ್ತು. ಆದರೆ ಚಾವಡಿಯ ಕಟ್ಟೆಯ ಕೆಳಗೆ ನಿಂತು. ಚಹಾದಂಗಡಿಯಲ್ಲಿ ನಮ್ಮ ಕಪ್ಪು ಬಸಿ ಬೇರೆ, ಹೊರಗೆ ಗೂಟಕ್ಕೆ ತೂಗುಹಾಕಿದ್ದು. ಕನ್ನಡಿಗರೆಲ್ಲ ಒಂದು ಅಂತ ಒಳಗೆ ಓದುತ್ತಿದ್ದರೆ ಹೊರಗೆ ನಿಂತವನು ಯಾರು? ಅವನು ಕನ್ನಡ ಬಿಟ್ಟು ಬೇರೇನೂ ಬಾರದವನು. ಇದನ್ನು ನಾವು ಕುಹಕಕ್ಕೆ ಹೇಳುತ್ತಿಲ್ಲ.

ಮೂವತ್ತರ ದಶಕದಲ್ಲಿ ದಿವಾಕರರು ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆ, ಆಮೇಲೆ ಅಂಕೋಲೆ, ಸಿದ್ದಾಪುರ, ಹಿರೇಕೆರೂರು ಕಡೆ ಕರನಿರಾಕರಣೆ. ರೈತರು ಹೊಲ ಮನೆ ಕಳಕೊಂಡರು, ಹಿಂದೆ ಸರಿಯಲಿಲ್ಲ. ಸತ್ಯಾಗ್ರಹದ ತಂತ್ರದ ಮೇಲೆ ದಿವಾಕರರು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. 1938ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬ್ರಾಹ್ಮಣರಾಗಿ ಹುಟ್ಟಿದವರು ‘ವಚನಶಾಸ್ತ್ರ ರಹಸ್ಯ’ ಬರೆದರು. ಇದನ್ನು ಓದಿದವರು ನಮ್ಮಲ್ಲಿ ಇದ್ದಾರೆ. ಶ್ರದ್ಧೆಯ ಪುಸ್ತಕ, ಅನುಭಾವದ ಕಡೆ ಒಲಿದ ಪುಸ್ತಕ. ನಮಗೆ ವಚನ ಅಂದರೆ ಮೊದಲು ನೆನಪಾಗುವುದು ಸಮಗಾರ ಹರಳಯ್ಯನಿಗೆ ಬಿದ್ದ ಶಿಕ್ಷೆ. ಅನುಭಾವ ಆಮೇಲೆ.

1942ಕ್ಕೆ ಬರೋಣ. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಚಲೇಜಾವ್ ಚಳವಳಿ ಬೆಂಕಿಯಾಯಿತು. ಸ್ಟೇಶನ್ನುಗಳನ್ನು ಸುಟ್ಟರು, ತಂತಿ ಕತ್ತರಿಸಿದರು, ಹಳ್ಳಿಯ ಚಾವಡಿಗಳಿಗೆ ಬೆಂಕಿ ಇಟ್ಟರು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಆ ದಿನಗಳನ್ನು ‘ಮಾಡಿ ಮಡಿದವರು’ ಕಾದಂಬರಿಯಲ್ಲಿ ಬರೆದರು. ದಿವಾಕರರು ಭೂಗತರಾಗಿ ಚಳವಳಿಯ ದಾರ ಹಿಡಿದಿದ್ದರು. ಗಾಂಧಿ ಜೇಲಿನಿಂದ ಬಂದ ಮೇಲೆ 1944ರಲ್ಲಿ ತಾವಾಗಿ ಸರಕಾರಕ್ಕೆ ಒಪ್ಪಿಸಿಕೊಂಡರು. ಇದೆಲ್ಲ ಸರಿ. ಆದರೆ ಚಾವಡಿ ಅಂದರೆ ಏನು? ಕುಲಕರ್ಣಿಯ ದಫ್ತರ, ಗೌಡನ ಕುರ್ಚಿ, ಮತ್ತೆ ರಾತ್ರಿ ಕಾಯಲಿಕ್ಕೆ ಒಬ್ಬ ವಾಲೀಕಾರ. ಆ ವಾಲೀಕಾರ ತಳವಾರನೋ ಹೊಲೆಯನೋ. ಚಾವಡಿ ಸುಡಲು ಬಂದವರು ದೇಶಭಕ್ತರು, ಸುಟ್ಟ ಮೇಲೆ ಪೋಲೀಸರು ಮೊದಲು ಬಡಿಯುವುದು ಕಾವಲಿನವನನ್ನು. ಬ್ರಿಟಿಷರ ಚಾಕರನೆಂದು ಒಬ್ಬರು, ಚಳವಳಿಗಾರರ ಕೂಡ ಶಾಮೀಲೆಂದು ಇನ್ನೊಬ್ಬರು. ಅವನ ಹೆಸರು ಯಾವ ಸ್ವಾತಂತ್ರ್ಯಯೋಧರ ಪಟ್ಟಿಯಲ್ಲಿ ಇದೆ, ನೀವೇ ನೋಡಿ ಹೇಳಿರಿ.

ಅವನು ಆ ಚಾವಡಿಯಲ್ಲಿ ಯಾಕೆ ಮಲಗಿದ್ದ? ವತನದ ಸಲುವಾಗಿ. 1874ರ ವತನ ಕಾಯಿದೆಯ ಪ್ರಕಾರ ಮುಂಬಯಿ ಪ್ರಾಂತದ ಹಳ್ಳಿಗಳಲ್ಲಿ ಗೌಡಕಿ, ಕುಲಕರ್ಣಿಕಿಗಳ ಹಾಗೆ ನಮ್ಮ ಚಾಕರಿಯೂ ವಂಶಪಾರಂಪರ್ಯ. ಒಂದು ತುಂಡು ಇನಾಮು ಹೊಲ, ಸುಗ್ಗಿಯಲ್ಲಿ ಒಂದಿಷ್ಟು ಆಯ. ಬದಲಿಗೆ ಹಗಲು ರಾತ್ರಿ ಇಡೀ ಮನೆತನ ಸರಕಾರದ, ಊರಿನ ಬಿಟ್ಟಿಯಾಳು. ಟಪಾಲು ಹೊರುವುದು, ಸಾಹೇಬರ ಗಂಟು ಹೊರುವುದು, ಸತ್ತ ಸುದ್ದಿ ಒಯ್ಯುವುದು, ಡಂಗುರ ಸಾರುವುದು. ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿ ಅಂಗೈಯಷ್ಟಾಗಿತ್ತು. ಚಾಕರಿ ಮಾತ್ರ ಹರಿಯಲಿಲ್ಲ. ಇದು ಗುಲಾಮಗಿರಿ ಅಂತ ಅಂಬೇಡಕರರು 1928ರ ಮಾರ್ಚ್‌ನಲ್ಲಿ ಮುಂಬಯಿ ಶಾಸನಮಂಡಳದಲ್ಲಿ ತಿದ್ದುಪಡಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ಧಾರವಾಡದಲ್ಲಿಯೂ ಆಗ ಇನ್ನೊಂದು ಧಾರವಾಡ ಹುಟ್ಟುತ್ತಿತ್ತು. ‘ಕರ್ಮವೀರ’ದ ಅದೇ ಊರಿನ ಕೊಪ್ಪದಕೇರಿಯಲ್ಲಿ ಅಂಬೇಡಕರರ ನೆರವಿನಿಂದ ನಮ್ಮ ಹುಡುಗರಿಗೆ ವಸತಿಗೃಹ ನಡೆಯಿತು, ಅದನ್ನು ನೋಡಿಕೊಂಡವರು ಬಳವಂತರಾವ್ ವರಾಳೆ. 1937ರ ಚುನಾವಣೆಯಲ್ಲಿ ಈ ವರಾಳೆಯವರು ಅಂಬೇಡಕರರ ಸ್ವತಂತ್ರ ಮಜೂರ ಪಕ್ಷದಿಂದ ಮುಂಬಯಿ ವಿಧಾನಸಭೆಗೆ ಆರಿಸಿಹೋದರು. ನಮ್ಮ ಕಡೆಯ ಎಷ್ಟೋ ಮನೆಯ ಮೊದಲ ಅಕ್ಷರ ಆ ವಸತಿಗೃಹದಿಂದ ಬಂದದ್ದು. ಏಕೀಕರಣದ ಶಿಲ್ಪಿಗಳ ಪಟ್ಟಿ ಓದುವಾಗ ನಾವು ಈ ಹೆಸರನ್ನೂ ಓದಬೇಕು. ಕನ್ನಡ ಓದುವವರನ್ನು ಹುಟ್ಟಿಸಿದವನೂ ಕನ್ನಡ ನಾಡನ್ನು ಕಟ್ಟಿದವನೇ ಅಲ್ಲವೇ?

ಸ್ವಾತಂತ್ರ್ಯ ಬಂತು. ದಿವಾಕರರು ಸಂವಿಧಾನ ಸಭೆಗೆ ಹೋದರು, ನಲವತ್ತರ ದಶಕದ ಕೊನೆಗೆ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಯಾದರು. ಅದು ಅವರಿಗೆ ಹೇಳಿ ಮಾಡಿಸಿದ ಖಾತೆ. ಆದರೆ ಅಲ್ಲಿಯೇ ಸಿಕ್ಕು. 1948ರಲ್ಲಿ ಧರ್ ಆಯೋಗ ಭಾಷೆಯ ಮೇಲೆ ಪ್ರಾಂತ ಬೇಡವೆಂದಿತು. ಆಮೇಲೆ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿಯವರ ಸಮಿತಿಯೂ 1949ರಲ್ಲಿ ಸದ್ಯಕ್ಕೆ ತಡೆಯಿರಿ ಎಂದಿತು. ಇಪ್ಪತ್ತೈದು ವರ್ಷ ಏಕೀಕರಣದ ಡಂಗುರ ಸಾರಿದವರು ಈಗ ಏಕೀಕರಣವನ್ನು ಮುಂದೂಡಿದ ಸರಕಾರದ ಡಂಗುರದ ಖಾತೆ ಹಿಡಿದಿದ್ದರು. ಹಲಗಿ ಬಡಿದವನಿಗೆ ಈ ಕಷ್ಟ ಅರ್ಥವಾಗುತ್ತದೆ. ದಿವಾಕರರೂ ಒಂದು ಕಾಲಕ್ಕೆ, ಸುದ್ದಿ ನಮ್ದಲ್ಲೋ ಎನ್ನುವ ಜಾಗಕ್ಕೆ ಬಂದು ನಿಂತಿದ್ದರು ಅಂತ ನಮಗೆ ಅನ್ನಿಸುತ್ತದೆ. ಅವರು ಬಿಟ್ಟುಹೊರಡಲಿಲ್ಲ. ಒಳಗಿದ್ದೇ ಕೆಲಸ ಮಾಡುವ ದಾರಿ ಹಿಡಿದರು. ಅವರ ಕಾಲದಲ್ಲಿಯೇ, 1950ರ ಜನವರಿ 8ರಂದು, ಧಾರವಾಡ ಆಕಾಶವಾಣಿ ಕೇಂದ್ರ ಶುರುವಾಯಿತು. ಅದು ದೊಡ್ಡ ಕೊಡುಗೆ. ಓದಲು ಬಾರದವನಿಗೆ ರೇಡಿಯೋ ಪತ್ರಿಕೆಗಿಂತ ಹತ್ತಿರ. ಕಟ್ಟೆಯ ಕೆಳಗೆ ನಿಂತವನಿಗೂ ಅದು ಕೇಳಿಸುತ್ತಿತ್ತು, ಓದಿ ಹೇಳುವ ಕುಲಕರ್ಣಿ ಬೇಕಾಗಿರಲಿಲ್ಲ. ನಮ್ಮ ಮಾತಿನ ಧಾಟಿ, ನಮ್ಮ ಹಾಡು, ಡೊಳ್ಳು, ಗೀಗೀ ಪದ ಆ ಪೆಟ್ಟಿಗೆಯೊಳಗಿಂದ ಬಂದಾಗ ಮಂದಿ ಬೆರಗಾಗಿ ಕೂತಿದ್ದರು.

1952ರಲ್ಲಿ ದಿವಾಕರರನ್ನು ಬಿಹಾರದ ರಾಜ್ಯಪಾಲರನ್ನಾಗಿ ಕಳಿಸಿದರು. 1957ರವರೆಗೂ ಅವರು ಅಲ್ಲಿಯೇ. ಅಂದರೆ ಏಕೀಕರಣ ಬೀದಿಗೆ ಇಳಿದ ಹೊತ್ತಿನಲ್ಲಿ ಅದರ ಹಳೆಯ ಸಾರುಗಾರ ಪಾಟ್ನಾದ ರಾಜಭವನದಲ್ಲಿದ್ದರು. 1953ರ ಮಾರ್ಚ್‌ನಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರ ಮೇಲೆಯೇ ಜನ ತಿರುಗಿಬಿದ್ದರು, ಕಲ್ಲು ತೂರಿದರು, ಗಲಭೆಯಾಯಿತು. ಪತ್ರಿಕೆ ಓದುವವರ ಏಕೀಕರಣ ಅವತ್ತಿಗೆ ಮುಗಿದು ಬೀದಿಯವರ ಏಕೀಕರಣ ಶುರುವಾಯಿತು. ಆ ವರ್ಷ ಡಿಸೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು, 1955ರ ಸೆಪ್ಟೆಂಬರಿನಲ್ಲಿ ವರದಿ ಬಂತು.

ಆಗಲೇ ಅಂಬೇಡಕರರು ಭಾಷಾವಾರು ರಾಜ್ಯಗಳ ಮೇಲೆ ತಮ್ಮ ವಿಚಾರದ ಸಣ್ಣ ಪುಸ್ತಕ ಬರೆದರು. ಅವರು ಭಾಷಾವಾರು ರಾಜ್ಯದ ವಿರೋಧಿಯಲ್ಲ. ಒಂದು ರಾಜ್ಯಕ್ಕೆ ಒಂದೇ ಭಾಷೆ ಇರಲಿ ಅಂದವರು. ಆದರೆ ಒಂದು ಪ್ರಶ್ನೆ ಎತ್ತಿದರು. ಒಂದು ಭಾಷೆಯ ನಾಡಿನಲ್ಲಿ ಒಂದು ದೊಡ್ಡ ಜಾತಿ ಕೂತಿರುತ್ತದೆ, ಭೂಮಿ ಅದರದು, ಓಟು ಅದರದು. ಚದುರಿದ ಸಣ್ಣ ಜಾತಿಗಳ ಗತಿ ಏನು? ಈ ಪ್ರಶ್ನೆಯನ್ನು ನಮ್ಮ ಕಡೆಯ ಏಕೀಕರಣವಾದಿಗಳು ಯಾರೂ ಉತ್ತರಿಸಲಿಲ್ಲ. ಜಾತಿ ಪ್ರಶ್ನೆ ಎತ್ತಲಿಲ್ಲವೆಂದಲ್ಲ, ಎತ್ತಿದರು. ಆದರೆ ಅದು ಹಳೆಯ ಮೈಸೂರಿನ ಒಕ್ಕಲಿಗರಿಗೂ ಉತ್ತರದ ಲಿಂಗಾಯತರಿಗೂ ನಡುವಿನ ತೂಕದ ಮಾತು. ತಕ್ಕಡಿಯ ಎರಡು ತಟ್ಟೆ ಅವರವು, ಕೆಳಗೆ ಇಟ್ಟ ಕಲ್ಲಿನ ಸುದ್ದಿ ಯಾರಿಗೂ ಬೇಡ.

1956ರ ಆ ಐವತ್ತಮೂರು ದಿನಗಳನ್ನು ಎಣಿಸಿ ನೋಡಿರಿ. ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಅಂಬೇಡಕರರು ಲಕ್ಷಾಂತರ ಮಂದಿಯ ಕೂಡ ಬೌದ್ಧರಾದರು. ನವೆಂಬರ್ 1ಕ್ಕೆ ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಡಿಸೆಂಬರ್ 6ಕ್ಕೆ ಅಂಬೇಡಕರರು ತೀರಿಕೊಂಡರು. ಬೆಂಗಳೂರಿನಲ್ಲಿ ಹೊಸ ರಾಜ್ಯ ಉದ್ಘಾಟಿಸಿದವರು ಬಿಹಾರದ ಬಾಬು ರಾಜೇಂದ್ರ ಪ್ರಸಾದರು; ಕನ್ನಡದ ದಿವಾಕರರು ಬಿಹಾರದ ರಾಜಭವನದಲ್ಲಿ. ಬುದ್ಧನಿಗೆ ಜ್ಞಾನೋದಯವಾದ ಗಯೆ ಅವರದೇ ರಾಜ್ಯದಲ್ಲಿತ್ತು, ಮುಂದೆ ಬುದ್ಧನ ಚರಿತ್ರೆಯನ್ನೂ ಅವರು ಇಂಗ್ಲಿಷಿನಲ್ಲಿ ಬರೆದರು. ಚರಿತ್ರೆ ಎಷ್ಟು ಹತ್ತಿರ ತಂದು ನಿಲ್ಲಿಸುತ್ತದೆ, ಎಷ್ಟು ದೂರ ಇಡುತ್ತದೆ! ನಮ್ಮ ಹಿರಿಯರಿಗೆ ಆ ವರ್ಷದ ನೆನಪೆಂದರೆ ಡಿಸೆಂಬರ್ ಆರು. ನವೆಂಬರ್ ಒಂದರ ಡಂಗುರವನ್ನು ತಾವೇ ಸಾರಿದ್ದರೂ ಅದು ಅವರಿಗೆ ನೆನಪಿರಲಿಲ್ಲ.

ಈಗ ನಮ್ಮ ಮುಖ್ಯ ಮಾತು. ಬೆಳಗಾವಿ ಜಿಲ್ಲೆ 1956ರಲ್ಲಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಎರಡು ವರ್ಷಕ್ಕೆ, 1958ರಲ್ಲಿ, ಮುಂಬಯಿ ರಾಜ್ಯ ಕೆಳದರ್ಜೆಯ ಗ್ರಾಮ ವತನಗಳನ್ನು ತೆಗೆದುಹಾಕುವ ಕಾಯಿದೆ ಮಾಡಿತು, 1959ರಲ್ಲಿ ಅದು ಜಾರಿಗೆ ಬಂತು. ಅಂಬೇಡಕರರು ಮೂವತ್ತು ವರ್ಷ ಕೇಳಿದ್ದು ಅವರು ಸತ್ತ ಮೇಲೆ ಸಿಕ್ಕಿತು. ಆದರೆ ಅದು ಗಡಿಯ ಆಚೆ. ಈಚೆ ಇದ್ದ ಹುಕ್ಕೇರಿ, ಗೋಕಾಕದ ವಾಲೀಕಾರನಿಗೆ ಆ ಕಾಯಿದೆ ಅನ್ವಯಿಸಲಿಲ್ಲ. ಅವನಿಗೆ ಮೈಸೂರು ಸರಕಾರದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬರಬೇಕು, ಅದು ಜಾರಿಯಾದದ್ದು 1963ರ ಫೆಬ್ರುವರಿಯಲ್ಲಿ. ಮೂರು ವರ್ಷಕ್ಕೂ ಹೆಚ್ಚು. ಏಕೀಕರಣವಾದಿಗಳಿಗೆ ಇದು ಗಜೆಟ್ಟಿನ ಎರಡು ತಾರೀಕು. ಗಡಿಯ ಆಚೆಯ ಅಣ್ಣ ಚಾಕರಿ ಬಿಟ್ಟು ಕೂತಾಗ ಈಚೆಯ ತಮ್ಮ ಇನ್ನೂ ಹಲಗಿ ಹೊತ್ತು ತಿರುಗುತ್ತಿದ್ದ. ಇದನ್ನು ಬರೆದದ್ದು ನಾವು ಯಾವ ಏಕೀಕರಣದ ಪುಸ್ತಕದಲ್ಲಿಯೂ ಕಾಣಲಿಲ್ಲ. ಮೈಸೂರು ಕಾಯಿದೆ ಗೌಡ, ಕುಲಕರ್ಣಿ, ವಾಲೀಕಾರ ಎಲ್ಲರ ಪಾರಂಪರ್ಯವನ್ನೂ ಒಟ್ಟಿಗೆ ತೆಗೆಯಿತು, ಅದು ಒಳ್ಳೆಯದೇ. ಆದರೆ ಹೊಲ ಮರುಮಂಜೂರು ಆಗಬೇಕಾದರೆ ಸರಕಾರಕ್ಕೆ ಕಿಮ್ಮತ್ತು ತುಂಬಬೇಕು. ತುಂಬಲಿಕ್ಕೆ ಸಾಲ ಬೇಕು, ಸಾಲ ಕೊಡುವವನು ಯಾರು ಅಂತ ಹೇಳುವುದು ಬೇಡ. ಎಷ್ಟೋ ಹೊಲ ಹಾಗೆ ಕೈಬಿಟ್ಟವು. 1978ರಲ್ಲಿ ಪರಿಶಿಷ್ಟರಿಗೆ ಸರಕಾರ ಕೊಟ್ಟ ಭೂಮಿ ಪರಭಾರೆ ಆಗಬಾರದೆಂಬ ಕಾಯಿದೆ ಬರುವ ಹೊತ್ತಿಗೆ ಬದುವಿನ ಕಲ್ಲುಗಳು ಜಾಗ ಬದಲಿಸಿ ಬಹಳ ದಿನವಾಗಿತ್ತು. ಈಗಲೂ ತಹಸೀಲ್ದಾರ ಕಚೇರಿಯ ಮುಂದೆ ಹಳೆಯ ಉತಾರ ಹಿಡಿದು ನಿಂತವರನ್ನು ಕೇಳಿರಿ, ಅವರ ಕೈಯಲ್ಲಿ 1963ರ ನಂತರದ್ದೇ ಕಥೆ.

ಇದಕ್ಕೆ ದಿವಾಕರರು ಹೊಣೆಯೇ ಅಂದರೆ, ಅಲ್ಲ. ಅವರು ಆಗ ದೆಹಲಿಯಲ್ಲಿ ಗಾಂಧಿ ಸ್ಮಾರಕ ನಿಧಿಯ ಕೆಲಸದಲ್ಲಿದ್ದರು, 1962ರಿಂದ 68ರವರೆಗೆ ರಾಜ್ಯಸಭೆಯಲ್ಲಿದ್ದರು, ಕರ್ನಾಟಕದ ಚರಿತ್ರೆಯ ದೊಡ್ಡ ಇಂಗ್ಲಿಷ್ ಗ್ರಂಥದ ಸಂಪಾದಕರಾಗಿದ್ದರು. ನಮ್ಮ ತಕರಾರು ಅವರು ಸಾರಿದ ಸುದ್ದಿಯ ಮೇಲೆ. ನಾಡು ಒಂದಾಗಲಿ ಅನ್ನುವ ಸುದ್ದಿಯಲ್ಲಿ ಊರು ಕೇರಿ ಒಂದಾಗಲಿ ಅನ್ನುವ ಸುದ್ದಿ ಸೇರಿರಲಿಲ್ಲ. ಗಾಂಧಿಯವರ ಶಿಷ್ಯರಾಗಿ ಅಸ್ಪೃಶ್ಯತೆ ಪಾಪವೆಂದು ಅವರು ನಂಬಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಪಾಪ ಬೇರೆ, ಕಾರ್ಯಕ್ರಮ ಬೇರೆ. ಏಕೀಕರಣದ ಬೇಡಿಕೆಯಲ್ಲಿ ಗಡಿಯ ನಕಾಶೆ ಇತ್ತು, ರಾಜಧಾನಿಯ ಮಾತು ಇತ್ತು, ವಿಶ್ವವಿದ್ಯಾಲಯ ಇತ್ತು. ವತನ ಇರಲಿಲ್ಲ.

ಆಮೇಲಿನ ಕಥೆ ನಿಮಗೆ ಗೊತ್ತು. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಅದೇ ತಿಂಗಳು ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು, ನಾಡಿಗೆ ನಾಡೇ ಎದ್ದು ನಿಂತಿತು, ದಲಿತ ಹುಡುಗರಿಗೆ ಹಾಸ್ಟೆಲುಗಳಲ್ಲಿ ಏಟು ಬಿತ್ತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. 1982ರಲ್ಲಿ ಗೋಕಾಕ ಚಳವಳಿ ನಡೆಯಿತು. (ಹೊರಗಿನ ಗೆಳೆಯರು ಇದು ನಮ್ಮೂರಲ್ಲಿ ನಡೆದದ್ದು ಅಂದುಕೊಳ್ಳುತ್ತಾರೆ. ಅದು ವಿ.ಕೃ. ಗೋಕಾಕರ ವರದಿಯ ಹೆಸರು. ಅವರು ಹುಟ್ಟಿದ್ದು ಸವಣೂರಿನಲ್ಲಿ.) ನಮ್ಮ ಹುಕ್ಕೇರಿಯಿಂದ ಎಂಟು ಸಲ ಶಾಸಕರಾಗಿ, ಮಂತ್ರಿಯೂ ಆಗಿದ್ದ ಉಮೇಶ ಕತ್ತಿಯವರು 2022ರಲ್ಲಿ ತೀರಿಕೊಳ್ಳುವವರೆಗೂ ಉತ್ತರ ಕರ್ನಾಟಕ ಬೇರೆ ರಾಜ್ಯವಾಗಬೇಕೆಂದು ಆಗಾಗ ಹೇಳುತ್ತಿದ್ದರು. ದಿವಾಕರರು ಕೂಡಿಸಿದ್ದನ್ನು ಬಿಡಿಸುವ ಮಾತು. ಆಗಲೂ ಟಿ.ವಿ.ಯವರು ಮೈಕು ಹಿಡಿದದ್ದು ಮಠದವರ, ಸಕ್ಕರೆ ಕಾರಖಾನೆಯವರ, ಪಕ್ಷದವರ ಮುಂದೆ. ಕೂಡಿಸುವಾಗ ನಮ್ಮನ್ನು ಕೇಳಲಿಲ್ಲ, ಬಿಡಿಸುವಾಗಲೂ ಕೇಳುವುದಿಲ್ಲ.

ದಿವಾಕರರು ತೊಂಬತ್ತೈದು ದಾಟಿ ಬದುಕಿ 1990ರ ಜನವರಿಯಲ್ಲಿ ತೀರಿಕೊಂಡರು. ಅವರು ಹುಟ್ಟುಹಾಕಿದ ಪತ್ರಿಕೆ ಇವತ್ತೂ ನಮ್ಮ ಗ್ರಂಥಾಲಯಗಳಿಗೆ ಬರುತ್ತದೆ, ನಮ್ಮ ಹುಡುಗರೂ ಕುರ್ಚಿಯ ಮೇಲೆ ಕೂತು ಓದುತ್ತಾರೆ. ಕೆಲವರು ಅದಕ್ಕೆ ಸುದ್ದಿಯನ್ನೂ ಬರೆದು ಕಳಿಸುತ್ತಾರೆ. ಸಂಘರ್ಷ ಸಮಿತಿಯ ಕಾಲದಲ್ಲಿ ಎಷ್ಟೋ ಊರಲ್ಲಿ ನಮ್ಮವರು ಹಲಗಿ ಬಡಿಯುವುದಿಲ್ಲ ಅಂತ ಕೂತರು. ಅದಕ್ಕಾಗಿ ಬಹಿಷ್ಕಾರ ಉಂಡರು, ಹೊಲದ ಕೂಲಿ ಕಳಕೊಂಡರು. ಈಗ ಪಂಚಾಯತಿಯವರು ಆಟೋಕ್ಕೆ ಮೈಕು ಕಟ್ಟಿ ನೀರಿನ ಕರ, ಪೋಲಿಯೋ ಹನಿ, ಗ್ರಾಮಸಭೆಯ ದಿನ ಸಾರಿಸುತ್ತಾರೆ. ಮೊನ್ನೆ ಮೂಡಲಗಿ ರಸ್ತೆಯಲ್ಲಿ ಹಾಗೊಂದು ಆಟೋ ನಮ್ಮನ್ನು ದಾಟಿ ಹೋಯಿತು. ಒಳಗೆ ಕೂತು ಒದರುತ್ತಿದ್ದ ಹುಡುಗ ನಮ್ಮ ಕೇರಿಯವನೇ, ಡಿಗ್ರಿ ಮುಗಿಸಿದವನು. ಕೈಯಲ್ಲಿ ಚೀಟಿ ಇತ್ತು. ಯಾರು ಬರಕೊಟ್ಟದ್ದೋ ಅಂತ ಕೇಳಿದೆವು. ‘ನಾನ ಬರದೀನ್ರೀ,’ ಅಂದ. ‘ಪಂಚಾಯತಿಯವರು ಬರದದ್ದು ತಪ್ಪಿತ್ತು, ತಿದ್ದಿ ಬರದೀನಿ.’